ಬೂಷ್ಟಿನ ಗುಳಿಗೆ ಮತ್ತು ಅಕ್ಕನ ಸಾಬೂದಾಣಿ

ನನ್ನ ಹೊಟ್ಟೆಯಲ್ಲಿ ಬೂಷ್ಟು ಬೆಳೆದಿದೆ ಎಂದು ಡಾಕ್ಟರಮ್ಮ ಹೇಳಿದಾಗ ನನಗೆ ಹೆದರಿಕೆ ಆಗಲಿಲ್ಲ, ಹೇಸಿಗೆ ಆಯಿತು. ಹೆದರಿಕೆ ಬಂದದ್ದು ಆಮೇಲೆ. ಉಪ್ಪಿನಕಾಯಿಗೆ ಬೂಷ್ಟು ಬಂದರೆ ಭರಣಿಯನ್ನೇ ಎತ್ತಿ ಹೊರಗಿಡುವವನು ನಾನು. ಬ್ರೆಡ್ಡಿನ ಮೂಲೆಯಲ್ಲಿ ಹಸಿರು ಚುಕ್ಕೆ ಕಂಡರೆ ಆ ಹೊತ್ತಿನ ಊಟ ನನಗೆ ಸೇರುವುದಿಲ್ಲ. ಅಂಥವನ ಹೊಟ್ಟೆಯೊಳಗೇ, ಜಠರದ ಹಿಂದೆ ಅಡಗಿ ಕುಳಿತ ಮೇದೋಜೀರಕ ಗ್ರಂಥಿಯ ಸತ್ತ ಭಾಗದಲ್ಲಿ, ಅದು ಹಬ್ಬಿಕೊಂಡಿದೆಯಂತೆ. ಭರಣಿಯನ್ನಾದರೆ ಬಿಸಿನೀರು ಹಾಕಿ ತೊಳೆಯಬಹುದು, ಬಿಸಿಲಿಗಿಡಬಹುದು. ನನ್ನನ್ನು ಏನು ಮಾಡುವುದು ಎಂದು ಕೇಳಿದೆ. ಅವರು ನಗಲಿಲ್ಲ.

ಕೆಲಸದಲ್ಲೂ ನಾನು ಇಂಥವನೇ. ಪುಣೆಯ ಹಡಪಸರದ ಒಂದು ಕಾರ್ಖಾನೆಯಲ್ಲಿ ತಯಾರಾದ ಮಾಲನ್ನು ತಪಾಸಣೆ ಮಾಡುವುದು ನನ್ನ ಉದ್ಯೋಗ. ಕೂದಲೆಳೆಯಷ್ಟು ಗೀರು ಕಂಡರೂ ವಾಪಸ್ ಕಳಿಸುತ್ತೇನೆ. ಬೆನ್ನ ಹಿಂದೆ ನನ್ನನ್ನು ಏನೆಂದು ಕರೆಯುತ್ತಾರೆ ಎಂಬುದು ಗೊತ್ತು, ಇಲ್ಲಿ ಬರೆಯುವ ಹಾಗಿಲ್ಲ. ಧಾರವಾಡ ಬಿಟ್ಟು ಪುಣೆಗೆ ಬಂದು ಅರ್ಧ ಆಯುಷ್ಯ ಕಳೆದರೂ ರಸ್ತೆಯ ಗಾಡಿಯ ಮುಂದೆ ನಿಂತು ಒಂದು ವಡಾಪಾವ್ ತಿಂದವನಲ್ಲ. ಕೋಥರೂಡದ ನಮ್ಮ ಸೊಸಾಯಿಟಿಯಲ್ಲಿ ಲಿಫ್ಟಿನ ಗುಂಡಿಯನ್ನು ಮೊಣಕೈಯಿಂದ ಒತ್ತುವವನು ನಾನೊಬ್ಬನೇ. ಇಷ್ಟು ಜನ ಇರುವ ಊರಿನಲ್ಲಿ ಬೂಷ್ಟು ನನ್ನನ್ನೇ ಹುಡುಕಿಕೊಂಡು ಬಂತಲ್ಲ ಎಂಬುದು ನನ್ನ ಸಿಟ್ಟು.

ಶುರುವಾದದ್ದು ಪಿತ್ತಕೋಶದ ಒಂದು ಹರಳಿನಿಂದ. ಜೋಳದ ಕಾಳಿಗಿಂತ ದೊಡ್ಡದಿರಲಿಲ್ಲವಂತೆ. ಅದು ಜಾರಿ ಬಂದು ನಾಳದ ಬಾಯಿಗೆ ಅಡ್ಡ ಕುಳಿತಿತು. ತಿಂದ ಅನ್ನವನ್ನು ಕರಗಿಸಬೇಕಾದ ರಸಕ್ಕೆ ಹೊರಗೆ ಹೋಗಲು ದಾರಿಯಿಲ್ಲದೆ ಅದು ತನ್ನ ಗ್ರಂಥಿಯನ್ನೇ ಕರಗಿಸತೊಡಗಿತು. ಒಂದು ರವಿವಾರ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆಯಲು ಎದ್ದವನು ಬೇಸಿನ್ ಮುಟ್ಟುವ ಮೊದಲೇ ನೆಲಕ್ಕೆ ಕುಸಿದೆ. ಬೆನ್ನಿಗೆ ಸಲಾಕೆ ಹೊಗಿಸಿದ ಹಾಗೆ ನೋವು. ಹೆಂಡತಿ ಆಸ್ಪತ್ರೆಗೆ ಹೊತ್ತುಕೊಂಡು ಹೋದಳು. ಮುಂದಿನ ಕೆಲವು ವಾರಗಳು ನನಗೆ ಸರಿಯಾಗಿ ನೆನಪಿಲ್ಲ, ನೆನಪಿಲ್ಲದ್ದೇ ಒಳ್ಳೆಯದಾಯಿತು.

ನೆನಪಿರುವುದು ನೋಡಲು ಬಂದವರ ಮುಖಗಳು. ಮರಾಠಿಯಲ್ಲಿ ಈ ಗ್ರಂಥಿಗೆ ಸ್ವಾದುಪಿಂಡ ಎನ್ನುತ್ತಾರೆ. ಸ್ವಾದುಪಿಂಡಕ್ಕೆ ಬಾವು ಬಂದಿದೆ ಎಂದ ಕೂಡಲೇ ಪುಣೆಯ ಮಂದಿಯೂ ನಮ್ಮ ಕಡೆಯ ಮಂದಿಯೂ ಒಂದೇ ಕಡೆ ಯೋಚನೆ ಮಾಡುತ್ತಾರೆ. ಒಬ್ಬ ದೂರದ ಬಂಧು ಮೋಸಂಬಿಯ ಚೀಲವನ್ನು ಸ್ಟೂಲಿನ ಮೇಲಿಟ್ಟು, ನನ್ನ ಕಿವಿಯ ಹತ್ತಿರ ಬಾಗಿ, ಕಳ್ಳನನ್ನು ಹಿಡಿದವರ ದನಿಯಲ್ಲಿ ಕೇಳಿದರು.

"ಖರೆ ಹೇಳ್ರಿ. ಎಷ್ಟು ತಗೋತಿದ್ರಿ?"

"ಹರಳ್ರಿ," ಅಂದೆ. "ಪಿತ್ತದ ಹರಳು."

"ಅದಿರ್ಲಿ. ನಾ ಯಾರಿಗೂ ಹೇಳಂಗಿಲ್ಲ."

ಚಹಾದ ಹೊರತು ಏನನ್ನೂ ಕುಡಿಯದ ನನಗೆ ಮೈ ಉರಿದುಹೋಯಿತು. ಏಳುವ ಶಕ್ತಿ ಇದ್ದಿದ್ದರೆ ಆ ಮೋಸಂಬಿಗಳನ್ನು ಒಂದೊಂದಾಗಿ ಅವರ ಬೆನ್ನಿಗೆ ಎಸೆಯುತ್ತಿದ್ದೆ. ಆಮೇಲೆ ಬಂದವರೂ ಕೇಳುವುದು ಅದನ್ನೇ, ಕೆಲವರು ಬಾಯಿಂದ, ಕೆಲವರು ಕಣ್ಣಿನಿಂದ. ಕೊನೆಗೆ ಹೆಂಡತಿ ಬಾಗಿಲಲ್ಲೇ ನಿಂತು, ಬಂದವರು ಚಪ್ಪಲಿ ಬಿಡುವ ಮೊದಲೇ "ಹರಳಿಂದ ಆಗೇದ್ರಿ, ಕುಡದು ಅಲ್ಲ" ಎಂದು ಹೇಳಿ ಒಳಗೆ ಬಿಡತೊಡಗಿದಳು. ಹಾಗೆ ಹೇಳಿದ್ದರಿಂದ ಸಂಶಯ ಇನ್ನಷ್ಟು ಗಟ್ಟಿಯಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಗ್ರಂಥಿಯ ಒಂದು ಭಾಗ ಸತ್ತೇಹೋಗಿತ್ತು. ಸತ್ತದ್ದರ ಸುತ್ತ ಕೀವು ತುಂಬಿತ್ತು. ಎಡ ಪಕ್ಕೆಗೆ ತೂತು ಮಾಡಿ ಒಂದು ಪೈಪು ಇಳಿಸಿ, ಅದರ ತುದಿಗೆ ಒಂದು ಪಾರದರ್ಶಕ ಚೀಲ ಕಟ್ಟಿದರು. ಪಾರದರ್ಶಕ ಯಾಕೆ ಮಾಡಿದ್ದಾರೋ. ನನ್ನೊಳಗಿನಿಂದ ಏನು ಬರುತ್ತಿದೆ ಎಂದು ನೆಲ ಒರೆಸುವ ಹೆಂಗಸಿನಿಂದ ಹಿಡಿದು ಪಕ್ಕದ ಮಂಚದವನ ಮೊಮ್ಮಗಳವರೆಗೆ ಎಲ್ಲರೂ ನೋಡುತ್ತಿದ್ದರು. ಕಂದು, ಬೂದು, ನಡುವೆ ಚಿಂದಿಚಿಂದಿಯಾದ ಏನೋ ತುಣುಕು. ಅದರ ವಾಸನೆಯನ್ನು ಹೇಳಲೇಬೇಕು. ಬೇಸಿಗೆಯಲ್ಲಿ ಮುಚ್ಚಿಟ್ಟು ಮರೆತ ಇಡ್ಲಿ ಹಿಟ್ಟು ಉಕ್ಕಿ ಹುಳಿ ಮೀರಿ ಹೋದಾಗ ಬರುವ ವಾಸನೆ, ಅದಕ್ಕೆ ಸ್ವಲ್ಪ ಕೊಳೆತದ್ದು ಸೇರಿದರೆ ಹೇಗೋ ಹಾಗೆ. ನಾಲಿಗೆಯ ಮೇಲೆ ಬಿಳಿ ಪದರ ಕಟ್ಟಿತ್ತು, ಉಜ್ಜಿದರೆ ಕೆಂಪಗೆ ರಕ್ತ ಒಸರುತ್ತಿತ್ತು. ಉಗುಳು ನುಂಗಲೂ ನನಗೆ ಹೇಸಿಗೆ.

ಚೀಲದ ನೀರನ್ನು ತಪಾಸಣೆಗೆ ಕಳಿಸಿದರು. ಮಾಲು ಫೇಲಾಗಿ ವಾಪಸ್ ಬಂತು. ಕೀವಿಗೆಂದು ಕೊಟ್ಟಿದ್ದ ಜೋರಾದ ಆಂಟಿಬಯೋಟಿಕ್‌ಗಳು ಒಳ್ಳೆಯ, ಕೆಟ್ಟ ಎರಡೂ ಬಗೆಯ ಸೂಕ್ಷ್ಮಜೀವಿಗಳನ್ನು ಕೊಂದು ಜಾಗ ಖಾಲಿ ಮಾಡಿದ್ದವು. ಆ ಜಾಗದಲ್ಲಿ ಬುರಶಿ ಬೆಳೆದಿತ್ತು. ಮರಾಠಿಯಲ್ಲಿ ಬೂಷ್ಟಿಗೆ ಬುರಶಿ ಅನ್ನುತ್ತಾರೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಸೋಂಕು ರೋಗಗಳಿಗೇ ಮೀಸಲಾದವರು, ನನ್ನನ್ನು ಕಾಕಾ ಎಂದು ಕರೆಯುತ್ತಿದ್ದರು. ಕಾಕಾ ಅನ್ನಿಸಿಕೊಳ್ಳುವ ವಯಸ್ಸು ನನಗಿನ್ನೂ ಆಗಿಲ್ಲ ಎಂದು ಹೇಳಬೇಕೆಂದಿದ್ದೆ, ಆದರೆ ಆಗಿನ ನನ್ನ ಮುಖ ನೋಡಿದರೆ ಅಜ್ಜ ಅನ್ನದೇ ಇದ್ದದ್ದು ಅವರ ಸೌಜನ್ಯ.

ವಿಷಯವನ್ನು ಅವರು ಸುತ್ತಿ ಬಳಸಿ ಹೇಳಲಿಲ್ಲ. ಬೂಷ್ಟಿನ ಔಷಧಿ ಕೆಲಸ ಮಾಡಿದರೆ ಪೈಪಿನಲ್ಲೇ ಎಲ್ಲ ಮುಗಿಯುತ್ತದೆ. ಮಾಡದಿದ್ದರೆ ಸರ್ಜನ್ ಹೊಟ್ಟೆ ತೆರೆದು ಸತ್ತದ್ದನ್ನೆಲ್ಲ ಕೆರೆದು ತೆಗೆಯಬೇಕು. "ಈಗ ನಿಮ್ಮ ಮೈಯಲ್ಲಿ ಇರುವ ಶಕ್ತಿಗೆ ಆ ಆಪರೇಷನ್ ಆಗಬಾರದು ಎಂದು ನನ್ನ ಆಸೆ," ಅಂದರು. ಆಗಬಾರದು ಅಂದರೆ ಏನರ್ಥ ಎಂದು ನಾನು ಕೇಳಲಿಲ್ಲ. ಹೊರಗೆ ಹೋಗಿ ಬಂದ ಹೆಂಡತಿಯ ಕಣ್ಣು ನೋಡಿ ತಿಳಿದುಕೊಂಡೆ.

ಮೊದಲು ದಿನಕ್ಕೊಂದು ಇಂಜೆಕ್ಷನ್ ರಕ್ತನಾಳಕ್ಕೆ ಕೊಟ್ಟರು. ಜ್ವರ ಇಳಿಯಿತು, ಚೀಲದಲ್ಲಿ ಬರುವುದು ಕಡಿಮೆಯಾಯಿತು. ಆಮೇಲೆ ಗುಳಿಗೆಗೆ ಬದಲಾಯಿಸಿದರು. ನನ್ನ ಬೂಷ್ಟು ಸಾಮಾನ್ಯ ಗುಳಿಗೆಗೆ ಬಗ್ಗದ ಜಾತಿಯದು ಎಂದು ರಿಪೋರ್ಟು ಬಂದಿತ್ತು. ಆದ್ದರಿಂದ ಬೇರೆ ಒಂದು, ವೊರಿಕೊನಜೋಲ್ ಎಂಬ ಹೆಸರಿನದು. ಮುಂಜಾನೆ ಒಂದು, ಸಂಜೆ ಒಂದು. ಊಟಕ್ಕೆ ಒಂದು ತಾಸು ಮೊದಲು ಅಥವಾ ಊಟವಾದ ಒಂದು ತಾಸಿನ ಮೇಲೆ, ಖಾಲಿ ಹೊಟ್ಟೆಗೆ, ನೀರಿನ ಜೊತೆ. ಬಿಸಿಲಿಗೆ ಹೋಗಬಾರದು. ಹೊಟ್ಟೆಯಲ್ಲಿ ಅನ್ನವಿದ್ದರೆ ಗುಳಿಗೆ ಪೂರ್ತಿ ರಕ್ತಕ್ಕೆ ಇಳಿಯುವುದಿಲ್ಲ ಎಂದು ನರ್ಸ್ ನನಗೂ ಹೆಂಡತಿಗೂ ಬಿಡಿಸಿ ಹೇಳಿದಳು.

ಆ ಗುಳಿಗೆ ನುಂಗಿದ ಸ್ವಲ್ಪ ಹೊತ್ತಿಗೆ ಕಣ್ಣು ವಿಚಿತ್ರವಾಗುತ್ತಿತ್ತು. ಟ್ಯೂಬ್‌ಲೈಟಿನ ಸುತ್ತ ನೀಲಿ ಅಂಚು ಹೊಳೆಯುತ್ತಿತ್ತು. ನರ್ಸಮ್ಮನ ಹಸಿರು ಸ್ವೆಟರು ಗಿಳಿಹಸಿರಾಗಿ ಕುಣಿಯುತ್ತಿತ್ತು. ಹೆಂಡತಿಯ ಹಣೆಯ ಕುಂಕುಮ ನಾಟಕ ಕಂಪನಿಯ ಬಣ್ಣದ ಹಾಗೆ ಢಾಳಾಗಿ ಕಾಣುತ್ತಿತ್ತು. ಸ್ವಲ್ಪ ಹೊತ್ತಿನಲ್ಲಿ ತಾನೇ ಸರಿಹೋಗುತ್ತಿತ್ತು. ಇದು ಗುಳಿಗೆಯ ಗುಣ, ಹೆದರಬೇಡಿ ಎಂದಿದ್ದರು. ಹೆದರಿಕೆ ಯಾರಿಗಿತ್ತು? ಇಷ್ಟೆಲ್ಲ ಗಲೀಜಿನ ನಡುವೆ ಬಣ್ಣ ಬೇರೆ ಯಾಕೆ ಎಂದು ಸಿಟ್ಟು ಬರುತ್ತಿತ್ತು ಅಷ್ಟೇ.

ಪೈಪು ಚೀಲಗಳ ಸಮೇತ ಮನೆಗೆ ಕಳಿಸಿದರು. ಹೆಂಡತಿಯ ರಜೆಯೆಲ್ಲ ಮುಗಿದಿತ್ತು. ಅವಳ ಆಫೀಸು ಯೆರವಡಾದ ಕಡೆ, ಮುಂಜಾನೆ ಸ್ಕೂಟಿ ಹತ್ತಿದರೆ ಮನೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು ಮೀರಿರುತ್ತದೆ. ನನ್ನನ್ನು ನೋಡಿಕೊಳ್ಳಲು ಬೆಳಗಾವಿಯಿಂದ ಅಕ್ಕ ಬಂದಳು.

ಅಕ್ಕನ ವಿಷಯ ಹೇಳಬೇಕು. ಅವ್ವ ತೀರಿಕೊಂಡಾಗ ನನಗೆ ಹಾಲುಹಲ್ಲು ಬೀಳುವ ವಯಸ್ಸು, ಅವಳಿಗೆ ಲಂಗ ದಾವಣಿಯ ವಯಸ್ಸು. ಆ ದಿನದಿಂದ ನನಗೆ ಉಣ್ಣಿಸಿದವಳು ಅವಳು. ನಾನು ಹುಟ್ಟಾ ಹೇಸಿಕೊಳ್ಳುವವನು. ಸಾರಿನಲ್ಲಿ ಕರಿಬೇವು ಕಂಡರೆ ತಟ್ಟೆ ದೂಡುವವನು. ನನ್ನ ಬೆನ್ನು ಹತ್ತಿ, ಗದರಿಸಿ, ರಮಿಸಿ, ಸುಳ್ಳು ಹೇಳಿ, ಹೇಗೋ ತುತ್ತು ಇಳಿಸುತ್ತಿದ್ದಳು. ಮದುವೆಯಾಗಿ ಬೆಳಗಾವಿಗೆ ಹೋದ ಮೇಲೂ ಫೋನಿನಲ್ಲಿ ಅವಳ ಮೊದಲ ಮಾತು "ಏನು ಉಂಡಿ?" ಎಂಬುದೇ. ಅವಳ ಲೆಕ್ಕದಲ್ಲಿ ಲೋಕದ ರೋಗಗಳೆಲ್ಲ ಹೊಟ್ಟೆ ತುಂಬ ಉಣ್ಣದೆ ಬರುತ್ತವೆ. ನನ್ನನ್ನು ನೋಡಿದಾಗ ಅವಳು ಅಳಲಿಲ್ಲ. ಕೈ ಹಿಡಿದು ಎಲುಬು ಮುಟ್ಟಿ ನೋಡಿ, "ಎಷ್ಟು ಸೊರಗೀಯೋ" ಅಂದು ನೇರ ಅಡುಗೆಮನೆಗೆ ಹೋದಳು.

ಹೆಂಡತಿ ಅವಳಿಗೆ ಗುಳಿಗೆಯ ನೇಮ ತಿಳಿಸಿದಳು. "ಅಕ್ಕಾ, ಎಣ್ಣಿ ತುಪ್ಪ ಪೂರಾ ಬಂದ್ ಅದರಿ. ಮತ್ತ ಈ ಗುಳಿಗಿ ಮುಂದ ಒಂದು ತಾಸು, ಹಿಂದ ಒಂದು ತಾಸು ಏನೂ ಉಣ್ಣಂಗಿಲ್ರಿ. ಬರೇ ಹೊಟ್ಟಿಗೆ ತಗೋಬೇಕು."

"ನನಗ ಹೇಳತೀಯೇನವಾ," ಅಂದಳು ಅಕ್ಕ. "ಇಷ್ಟು ವರ್ಷ ಏಕಾದಶಿ ಮಾಡಿದಾಕಿ ನಾನು."

ಹೆಂಡತಿ ನಿಶ್ಚಿಂತೆಯಿಂದ ಆಫೀಸಿಗೆ ಹೋದಳು.

ಅಕ್ಕ ನೇಮ ಪಾಲಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಗುಳಿಗೆಯ ಹೊತ್ತಿನ ಸುತ್ತಮುತ್ತ ಒಂದು ಅಗಳು ಅನ್ನ, ಒಂದು ಚೂರು ಚಪಾತಿ, ಒಂದು ಹಿಡಿ ಅವಲಕ್ಕಿ ನನ್ನ ಹತ್ತಿರ ಸುಳಿಯಲು ಬಿಡಲಿಲ್ಲ. ಎಣ್ಣೆ ತುಪ್ಪದ ಡಬ್ಬಿಗಳನ್ನು ಮೇಲಿನ ಕಪಾಟಿಗೆ ಏರಿಸಿದಳು. ಆದರೆ ಗುಳಿಗೆ ಕೊಡುವಾಗ ಒಂದು ಬಟ್ಟಲು ತರುತ್ತಿದ್ದಳು. ಎಮ್ಮೆಯ ಗಟ್ಟಿ ಹಾಲಿನಲ್ಲಿ ಕುದಿಸಿದ ಸಾಬೂದಾಣಿ, ಅದಕ್ಕೆ ಅರೆದ ಬದಾಮಿ, ಮೇಲೆ ಚೂರು ಯಾಲಕ್ಕಿ.

"ಉಷ್ಣ ಗುಳಿಗಿ ಅದು. ಒಳಗ ಬಿದ್ರ ಸುಡತದ. ಕಣ್ಣಿಗೆ ಹತ್ತೂದೂ ಆ ಉಷ್ಣನ. ತಂಪಿಗೆ ಇಷ್ಟು ಕುಡಿ, ಆಮ್ಯಾಲೆ ನುಂಗು."

ಆ ಬಟ್ಟಲನ್ನು ನೆನೆದರೆ ಈಗಲೂ ಗಂಟಲಿಗೆ ಬರುತ್ತದೆ. ಆ ರೋಗದಲ್ಲಿ ಹಸಿವೆ ಎಂಬುದು ಸತ್ತುಹೋಗಿರುತ್ತದೆ. ಅನ್ನದ ಹೆಸರು ಹೇಳಿದರೆ ಸಾಕು, ಓಕರಿಕೆ. ಅದರಲ್ಲಿ ಈ ಸಾಬೂದಾಣಿ. ಕಪ್ಪೆ ಮೊಟ್ಟೆ ಇಟ್ಟ ಹಾಗೆ ಕಣ್ಣು ಕಣ್ಣು ಬಿಟ್ಟುಕೊಂಡು, ಲೋಳೆಲೋಳೆಯಾಗಿ, ನಾಲಿಗೆಯ ಆ ಬಿಳಿ ಪದರದ ಮೇಲೆ ಜಾರಿಕೊಂಡು ಇಳಿಯುತ್ತಿತ್ತು. ಎಮ್ಮೆ ಹಾಲಿನ ಕೆನೆ ತುಟಿಗೆ ಅಂಟುತ್ತಿತ್ತು. ಮೂಗಿಗೆ ಚೀಲದ ವಾಸನೆ, ಬಾಯಿಗೆ ಇದು. ಬೇರೆ ಯಾರು ಕೊಟ್ಟಿದ್ದರೂ ಬಟ್ಟಲು ಗೋಡೆಗೆ ಹೋಗುತ್ತಿತ್ತು. ಕಣ್ಣು ಮುಚ್ಚಿ ಕುಡಿಯುತ್ತಿದ್ದೆ, ಯಾಕೆಂದರೆ ಎದುರಿಗೆ ಕುಳಿತ ಅಕ್ಕನ ಬಾಯಿ ಕೂಡ ನನ್ನ ಬಾಯಿಯ ಜೊತೆ ತೆರೆದು ಮುಚ್ಚುತ್ತಿತ್ತು. ಇದು ತಿನ್ನುವುದಕ್ಕೆ ಸೇರುತ್ತದೆ ಎಂದು ನನಗೂ ಹೊಳೆಯಲಿಲ್ಲ. ಏಕಾದಶಿಯ ದಿನ ಸಾಬೂದಾಣಿ, ಹಾಲು, ಬಾಳೆಹಣ್ಣು ತಿಂದು "ನನ್ನದು ಉಪವಾಸ" ಅನ್ನುವ ಮನೆಯಲ್ಲೇ ನಾನೂ ಬೆಳೆದವನು.

ಕೆಲವೇ ದಿನಗಳಲ್ಲಿ ಕಣ್ಣಿನ ಬಣ್ಣಗಳು ನಿಂತವು. ಟ್ಯೂಬ್‌ಲೈಟು ಬರೀ ಟ್ಯೂಬ್‌ಲೈಟಾಯಿತು. ಅಕ್ಕನಿಗೆ ಹಿಗ್ಗೋ ಹಿಗ್ಗು. ಬೆಳಗಾವಿಗೆ ಫೋನು ಮಾಡಿ, "ತಂಪು ಕೊಟ್ಟೆ ನೋಡು, ಕಣ್ಣು ಸ್ವಚ್ಛ ಆದವು" ಎಂದು ಹೇಳಿಕೊಂಡಳು. ಹೆಂಡತಿಗೂ ಸಮಾಧಾನ. ನಾನೊಬ್ಬನೇ ಮುಖ ಸಿಂಡರಿಸಿಕೊಂಡು ಬಿದ್ದಿದ್ದೆ, ಆದರೆ ಆಗ ನನ್ನ ಮುಖ ಯಾವಾಗಲೂ ಹಾಗೆಯೇ ಇರುತ್ತಿದ್ದುದರಿಂದ ಯಾರೂ ಲಕ್ಷ್ಯ ಕೊಡಲಿಲ್ಲ.

ಆಮೇಲೆ ಸಂಜೆಸಂಜೆಗೆ ಚಳಿ ಶುರುವಾಯಿತು. ಮೊದಲು ಅಂಗಾಲು ತಣ್ಣಗಾಗುವುದು, ನಂತರ ಹಲ್ಲು ಕಟಕಟಿಸುವುದು. ಚೀಲದಲ್ಲಿ ಮತ್ತೆ ಬೂದು ನೀರು ತುಂಬತೊಡಗಿತು, ಹುಳಿ ಹಿಟ್ಟಿನ ಆ ವಾಸನೆ ಕೋಣೆಯ ಪರದೆಗಳಿಗೂ ಹತ್ತಿತು. ಅಕ್ಕ ಧೂಪ ಹಾಕಿದಳು. ಧೂಪ ಮತ್ತು ಬೂಷ್ಟು ಕೂಡಿ ಇನ್ನೂ ಹೇಸಿಗೆಯಾಯಿತು. ಹೆಂಡತಿ ಸಂಬಳವಿಲ್ಲದ ರಜೆ ಹಾಕಿ, ಟ್ಯಾಕ್ಸಿ ಕರೆಸಿ, ನನ್ನನ್ನೂ ಅಕ್ಕನನ್ನೂ ಕೂಡಿಸಿಕೊಂಡು ಆಸ್ಪತ್ರೆಗೆ ಹೊರಟಳು.

ಸ್ಕ್ಯಾನ್ ಆಯಿತು. ಒಳಗಿನ ಕೀವಿನ ಗೂಡು ಮತ್ತೆ ಹಿಗ್ಗಿತ್ತು. ಗುಳಿಗೆ ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆಯೊಂದಿದೆ, ಅದಕ್ಕೂ ರಕ್ತ ತೆಗೆದುಕೊಂಡು ಎರಡು ದಿನ ಬಿಟ್ಟು ಬರಲು ಹೇಳಿದರು. ಹೋದಾಗ ಡಾಕ್ಟರಮ್ಮನ ಜೊತೆ ಸರ್ಜನ್ನರೂ ಕೂತಿದ್ದರು. ಅವರು ನನ್ನ ಮುಖ ನೋಡದೆ ಅಂಗಿ ಎತ್ತಿಸಿ ಹೊಟ್ಟೆಯನ್ನೇ ನೋಡಿದರು. ಬಟ್ಟೆ ಕತ್ತರಿಸುವ ಮೊದಲು ದರ್ಜಿ ಥಾನು ನೋಡುವ ಹಾಗೆ.

"ಗುಳಿಗೆ ರಕ್ತದಲ್ಲಿ ಇರಬೇಕಾದಷ್ಟು ಇಲ್ಲವೇ ಇಲ್ಲ," ಅಂದರು ಡಾಕ್ಟರಮ್ಮ. "ಕಾಕಾ, ಗುಳಿಗೆ ನುಂಗುತ್ತಿದ್ದೀರೋ ಇಲ್ಲವೋ?"

"ಒಂದೂ ತಪ್ಪಿಲ್ಲ," ಅಂದೆ.

"ಕಣ್ಣಿಗೆ ಬಣ್ಣ ಕಾಣುವುದು?"

"ಅದು ನಿಂತಿದೆ."

ಅವರು ಸರ್ಜನ್ನರ ಕಡೆ ನೋಡಿದರು. ರೂಢಿಯಾದ ಮೇಲೆ ಕೆಲವರಿಗೆ ಅದು ತಾನೇ ಕಡಿಮೆಯಾಗುತ್ತದೆ, ಆದರೆ ಇಷ್ಟು ಬೇಗ, ಜ್ವರದ ಜೊತೆಗೇ ಎಂದರೆ ಬೇರೆ ಮಾತು ಎಂದರು. ಅಕ್ಕ ಕುರ್ಚಿಯ ತುದಿಗೆ ಸರಿದಳು. ಬೆಳಗಾವಿಯವಳ ಮರಾಠಿ ನನ್ನದಕ್ಕಿಂತ ಎಷ್ಟೋ ಚಲೋ. ಮುಂದಿನ ಮಾತೆಲ್ಲ ಮರಾಠಿಯಲ್ಲೇ ನಡೆದರೂ ನನ್ನ ಕಿವಿಯಲ್ಲಿ ಉಳಿದಿರುವುದು ನಮ್ಮ ಮನೆಯ ಮಾತಿನಲ್ಲಿ.

"ನಾನ ಕೈಯಾರೆ ಕೊಡತೀನ್ರಿ. ಬರೇ ಹೊಟ್ಟ್ಯಾಗ. ಒಂದು ಅಗಳು ಅನ್ನ ಸೈತ ಕೊಟ್ಟಿಲ್ಲ."

"ಯಾತರ ಜೊತೆ ಕೊಡುತ್ತೀರಿ ಕಾಕೂ? ನೀರು?"

"ನೀರು ಯಾಕ್ರಿ, ಸುಡತದ ಅದು. ಸಾಬೂದಾಣಿ ಗಂಜಿ. ಎಮ್ಮಿ ಹಾಲಿಂದು. ಬದಾಮಿ ಹಾಕಿ."

"ಎಷ್ಟು?"

ಅಕ್ಕ ಎರಡೂ ಕೈ ಜೋಡಿಸಿ ಬಟ್ಟಲಿನ ಅಳತೆ ತೋರಿಸಿದಳು. ಹೆಮ್ಮೆಯಿಂದಲೇ ತೋರಿಸಿದಳು.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಅಕ್ಕನಿಗೆ ಆ ಕೋಣೆಯ ಗಾಳಿ ಬದಲಾದದ್ದು ಗೊತ್ತಾಯಿತು, ಯಾಕೆ ಎಂದು ಗೊತ್ತಾಗಲಿಲ್ಲ. "ಅದು ಫಳಾರ್ರಿ," ಅಂದಳು, ದನಿ ತಗ್ಗಿಸಿ. "ಅದು ಉಂಡಂಗ ಅಲ್ಲ."

"ಕಾಕೂ, ಏಕಾದಶಿಗೆ ನಮ್ಮ ಮನೆಯಲ್ಲೂ ಸಾಬೂದಾಣಿಯೇ ಮಾಡುತ್ತಾರೆ," ಅಂದರು ಡಾಕ್ಟರಮ್ಮ, ತುಂಬ ಮೆತ್ತಗೆ. "ದೇವರು ಅದನ್ನು ಉಪವಾಸ ಎಂದು ಒಪ್ಪಿಕೊಳ್ಳುತ್ತಾನೆ. ಈ ಗುಳಿಗೆ ಒಪ್ಪಿಕೊಳ್ಳುವುದಿಲ್ಲ. ಅಷ್ಟು ಕೊಬ್ಬಿನ ಹಾಲು ಹೊಟ್ಟೆಯಲ್ಲಿದ್ದರೆ ಅದು ರಕ್ತಕ್ಕೆ ಸರಿಯಾಗಿ ಇಳಿಯುವುದೇ ಇಲ್ಲ. ಇಷ್ಟು ದಿನ ಬೂಷ್ಟಿಗೆ ಬೀಳಬೇಕಾದ ಏಟು ಬಿದ್ದಿಲ್ಲ."

ಮುಂದೇನು ಎಂಬುದನ್ನೂ ಹೇಳಿದರು. ಕೆಲವು ದಿನ ಮತ್ತೆ ಇಂಜೆಕ್ಷನ್. ಆಮೇಲೆ ಅದೇ ಗುಳಿಗೆ, ಈ ಸಲ ಬರೀ ನೀರಿನ ಜೊತೆ. ಮತ್ತೊಮ್ಮೆ ರಕ್ತಪರೀಕ್ಷೆ. ಆಗಲೂ ಜ್ವರ ಬಿಡದಿದ್ದರೆ ಸರ್ಜನ್. ಇನ್ನೊಂದು ಅವಕಾಶ ಸಿಗುವುದಿಲ್ಲ.

ನನ್ನನ್ನು ಅಲ್ಲೇ ಭರ್ತಿ ಮಾಡಿ ಅವರಿಬ್ಬರೂ ಮನೆಗೆ ಹೋದರು. ಮನೆಯಲ್ಲಿ ಹೆಂಡತಿಯ ಸಿಟ್ಟು ಕಟ್ಟೆ ಒಡೆಯಿತಂತೆ. ನಾನು ಆಗ ವಾರ್ಡಿನಲ್ಲಿದ್ದೆ, ಇದೆಲ್ಲ ಹೆಂಡತಿಯೇ ನಂತರ ಹೇಳಿದ್ದು. ಅತ್ತಿಗೆ ನಾದಿನಿಯರ ನಡುವೆ ಇಷ್ಟು ವರ್ಷ ಒಂದು ಒರಟು ಮಾತು ಬಂದಿರಲಿಲ್ಲ.

"ಅಕ್ಕಾ, ನಿಮಗ ಕೈ ಮುಗಿತೀನಿ, ನೀವು ಊರಿಗೆ ಹೋಗ್ರಿ. ನಾ ಕೆಲಸ ಬಿಟ್ಟು ಕೂಡತೀನಿ."

"ಹೋಗತೀನಿ," ಅಂದಳಂತೆ ಅಕ್ಕ. "ಅವನ ಪೈಪು ತಗದ ಮ್ಯಾಲೆ ಹೋಗತೀನಿ. ನೀ ಕೆಲಸ ಬಿಡಬ್ಯಾಡ."

ಎದ್ದು ಅಡುಗೆಮನೆಗೆ ಹೋಗಿ ಸಾಬೂದಾಣಿಯ ಡಬ್ಬಿಯನ್ನು ತೆಗೆದುಕೊಂಡು ಕೆಳಗಿಳಿದು, ಸೊಸಾಯಿಟಿಯ ಹಸಿ ಕಸದ ಬುಟ್ಟಿಗೆ ಪೂರ್ತಿ ಸುರಿದು ಬಂದಳಂತೆ. ಬಿದ್ದ ಅಗಳನ್ನು ಹೆಕ್ಕಿ ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಳ್ಳುವ ಹೆಂಗಸು ಅವಳು. ಅದನ್ನು ನೋಡಿದ ಮೇಲೆ ಹೆಂಡತಿ ಮತ್ತೆ ಊರಿನ ಮಾತು ಎತ್ತಲಿಲ್ಲ.

ನಾನು ಮನೆಗೆ ಬಂದಾಗ ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಒಂದು ಕುರ್ಚಿ ಇತ್ತು. ಗುಳಿಗೆಯ ಹೊತ್ತು ಹತ್ತಿರ ಬಂದಾಗ ಅಕ್ಕ ಒಲೆ ಆರಿಸಿ, ಪಾತ್ರೆಗಳ ಮೇಲೆ ಮುಚ್ಚಳ ಮುಚ್ಚಿ, ಆ ಕುರ್ಚಿಯಲ್ಲಿ ಬಂದು ಕೂರುತ್ತಿದ್ದಳು. ಗಾಜಿನ ಲೋಟದಲ್ಲಿ ನೀರು ಕೊಡುತ್ತಿದ್ದಳು, ಒಳಗೆ ಬೇರೆ ಏನೂ ಇಲ್ಲ ಎಂದು ಕಾಣಲಿ ಎಂದು. ನಾನು ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದಳು. ನಾನು ಮಾಲು ತಪಾಸಣೆ ಮಾಡುವವನು, ಆದರೆ ಅಂಥ ತಪಾಸಣೆಯನ್ನು ನಾನೂ ಮಾಡಿದವನಲ್ಲ. ಆಮೇಲೆ ಗೋಡೆಯ ಗಡಿಯಾರ ನೋಡುತ್ತ ಕೂತಲ್ಲೇ ಕೂತಿರುತ್ತಿದ್ದಳು. ನನಗೆ ಚಹಾ ಇಲ್ಲ, ಮನೆಯಲ್ಲಿ ಯಾರಿಗೂ ಇಲ್ಲ.

ಒಂದು ಮುಂಜಾನೆ ಮೇಲಿನ ಮಹಡಿಯ ಕನ್ನಡದವರು ಸತ್ಯನಾರಾಯಣ ಪೂಜೆಯ ಪ್ರಸಾದ ತಂದರು. ತುಪ್ಪದಲ್ಲಿ ಹೊಳೆಯುವ ಶಿರಾ, ಎಲೆಯ ದ್ರೋಣದ ತುಂಬ. ನಾನು ಆಗಷ್ಟೇ ಗುಳಿಗೆ ನುಂಗಿದ್ದೆ. ಆ ಪ್ರಸಾದವನ್ನು ಬೇಡ ಅಂದವರಿಗೆ ಏನೇನಾಗುತ್ತದೆ ಎಂಬ ಕಥೆಯನ್ನು ಸಣ್ಣವನಿದ್ದಾಗ ನನಗೆ ಹೇಳಿ ಹೆದರಿಸಿದವಳೇ ಅಕ್ಕ.

"ಈಗ ಏನೂ ಇಲ್ರಿ ಅವಗ," ಅಂದಳು ಬಾಗಿಲಲ್ಲಿ.

"ಪ್ರಸಾದ ಅದರಿ. ಬೆರಳಿಗೆ ಹತ್ತುವಷ್ಟು ನಾಲಿಗಿಗೆ ಹಚ್ಚಿದರ ಏನಾಗತದ?"

"ದೇವರಿಗೆ ನಾ ಹೇಳಕೋತೀನಿ," ಅಂದಳು. ದ್ರೋಣವನ್ನು ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟು ಬಂದು ಕುರ್ಚಿಯಲ್ಲಿ ಕೂತಳು. ಬಾಯಲ್ಲಿ ಏನೋ ಮಣಮಣ ಹೇಳಿಕೊಳ್ಳುತ್ತಿದ್ದಳು. ನನಗೆ ಆ ಹೊತ್ತಿನಲ್ಲಿ ದೇವರ ಮೇಲೂ ಹೇಸಿಗೆ ಬಂತು, ಇಂಥ ಮುದುಕಿಯನ್ನು ಇಷ್ಟು ಹೆದರಿಸಿ ಇಟ್ಟಿದ್ದಾನಲ್ಲ ಎಂದು.

ರಕ್ತದಲ್ಲಿ ಗುಳಿಗೆ ಬೇಕಾದಷ್ಟು ಇದೆ ಎಂದು ರಿಪೋರ್ಟು ಬಂತು. ಜ್ವರ ಮಾತ್ರ ಹಟ ಹಿಡಿದು ಹೋಗುತ್ತ ಬರುತ್ತ ಇತ್ತು. ಒಂದು ಸಂಜೆ ಬರಲಿಲ್ಲ. ಮರುದಿನವೂ ಬರಲಿಲ್ಲ. ನಾವು ಮೂವರೂ ಆ ಮಾತು ಆಡಲಿಲ್ಲ, ಆಡಿದರೆ ಎಲ್ಲಿ ಕೇಳಿಸಿಕೊಂಡು ವಾಪಸ್ ಬಂದೀತೋ ಎಂಬ ಭಯ. ಚೀಲದಲ್ಲಿ ಬರುವುದು ತಿಳಿಯಾಯಿತು. ಹೆಂಡತಿ ಅದನ್ನು ಖಾಲಿ ಮಾಡುವಾಗ ಮೂಗಿಗೆ ಸೆರಗು ಹಿಡಿಯುವುದನ್ನು ಬಿಟ್ಟಳು. ಆದರೂ ನನಗೆ ಎಲ್ಲದರ ಮೇಲೆ ಹೇಸಿಗೆ ಹಾಗೇ ಇತ್ತು. ತಾಸು ಮುಗಿದ ಕೂಡಲೇ ಅಕ್ಕ ತರುವ ಮೆತ್ತನೆಯ ಅನ್ನ, ತಿಳಿಸಾರು ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ಔಷಧಿಯ ಹಾಗೆ ಲೆಕ್ಕ ಹಾಕಿ ನುಂಗುತ್ತಿದ್ದೆ.

ಆಮೇಲೆ ಒಂದು ಮುಂಜಾನೆ. ಹೆಂಡತಿ ಹೋಗಿಯಾಗಿತ್ತು. ನಾನು ಗುಳಿಗೆ ನುಂಗಿ ಗೋಡೆಗೆ ಒರಗಿದ್ದೆ. ಅಕ್ಕ ಕುರ್ಚಿಯಲ್ಲಿದ್ದಳು. ಕೆಳಗಿನ ಮನೆಯಲ್ಲಿ ಯಾರೋ ಒಗ್ಗರಣೆ ಹಾಕಿದರು. ಸಾಸಿವೆ, ಇಂಗು, ಕರಿಬೇವು. ಕಿಟಕಿಯಿಂದ ವಾಸನೆ ಬಂತು. ಓಕರಿಕೆ ಬರುತ್ತದೆ ಎಂದು ಅಭ್ಯಾಸಬಲದಿಂದ ಬಾಯಿಗೆ ಕೈ ಅಡ್ಡ ಹಿಡಿದೆ. ಬಂದದ್ದು ಓಕರಿಕೆಯಲ್ಲ. ಬಾಯಲ್ಲಿ ನೀರು ಬಂತು. ಹೊಟ್ಟೆಯ ತಳದಲ್ಲಿ ಏನೋ ಹಿಂಡಿದ ಹಾಗಾಯಿತು. ಮತ್ತೇನೋ ರೋಗ ಶುರುವಾಯಿತು ಎಂದುಕೊಂಡೆ. ಅದು ಏನು ಎಂದು ಗುರುತು ಹಿಡಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

"ಅಕ್ಕಾ," ಅಂದೆ, "ಹಸಿವಾಗೇದ."

ಅವಳು ತಿರುಗಿ ನೋಡಿದಳು. ನನಗೆ ಬುದ್ಧಿ ತಿಳಿದಾಗಿನಿಂದ ಆ ಮಾತನ್ನು ನಾನಾಗಿ ಅವಳ ಮುಂದೆ ಆಡಿದವನಲ್ಲ. ಅವಳು ಬೆನ್ನು ಹತ್ತುವ ಮೊದಲೇ ತಟ್ಟೆ ಕೇಳಿದವನಲ್ಲ. ಕುರ್ಚಿಯ ಕೈ ಹಿಡಿದು ಅರ್ಧ ಎದ್ದಳು. ಗಡಿಯಾರ ನೋಡಿದಳು. ಮತ್ತೆ ಕೂತಳು.

"ತಡಿ," ಅಂದಳು. "ಇನ್ನೂ ಹೊತ್ತದ."

"ಖರೇನ ಹಸದೀನಿ. ಒಂದು ತುತ್ತು ಕೊಡು."

"ಇಲ್ಲ."

"ಏನಾರ ಕೊಡು. ನಿನ್ನಿ ಚಪಾತಿ ಇದ್ರೂ ನಡೀತದ."

"ಸುಮ್ಮನ ಕೂಡು ಅಂದೆ."

ನಾನು ಬೈದೆ. ನೀನು ಅಕ್ಕ ಅಲ್ಲ, ಜೇಲಿನ ಸಿಪಾಯಿ ಎಂದೆ. ಹಠ ಮಾಡಿದೆ, ಕಾಲು ಬಡಿದೆ, ಈ ವಯಸ್ಸಿಗೆ ನಾಚಿಕೆ ಬಿಟ್ಟು ಬೇಡಿದೆ. ಹಸಿವೆಗೆ ನನ್ನ ಕಣ್ಣಲ್ಲಿ ನೀರು ಬಂತು. ಅಕ್ಕ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗಡಿಯಾರ ನೋಡುತ್ತ ಅಳುತ್ತಿದ್ದಳು. ಬಾಗಿಲು ಬಿಟ್ಟು ಏಳಲಿಲ್ಲ.